ಡಗ್ಗಾಕ್ಕೆ ತಾಮ್ರವೇ ಬೇಕೆ?

ಶ್ರಾವಣ ಬಂತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಗುಡಿಗಳಲ್ಲಿ ರಾತ್ರಿಯೆಲ್ಲ ಭಜನೆ. ಪೇಟಿ, ತಾಳ, ತಬಲಾ, ಅದರ ಜೋಡಿಯಾಗಿ ಎಡಗೈಯಲ್ಲಿ ಬಾರಿಸುವ ಡಗ್ಗಾ ಹೊರಬರುತ್ತವೆ. ಅವುಗಳ ಬೆನ್ನಿಗೇ ಹಿರಿಯರ ಒಂದು ಮಾತು: “ಅಲ್ಯೂಮಿನಿಯಂ ಡಗ್ಗಾ ಬ್ಯಾಡೋ ತಮ್ಮಾ, ಬೋಗುಣಿ ಬಾರಿಸಿದಂಗ ಆಗ್ತದ. ತಾಮ್ರದ್ದs ತಗೋ.” ಕಲಿಯುವ ಹಂಬಲವಿದ್ದೂ ತಾಮ್ರಕ್ಕೆ ದುಡ್ಡು ಸಾಲದೆ ಹಿಂದೆ ಸರಿದ ಹುಡುಗರನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಡಗ್ಗಾದಲ್ಲಿ ನುಡಿಯುವುದು ಚರ್ಮ. ಅದರ ಅಗಲ, ಬಿಗಿ, ಮೇಲಿನ ಶಾಯಿಯ, ಅಂದರೆ ಕರಿಯ ಲೇಪದ, ಭಾರ ಇವೇ ಮುಖ್ಯವಾಗಿ ಸ್ವರವನ್ನು ಮಂದ್ರಕ್ಕೆ ಇಳಿಸುತ್ತವೆ. ಒಳಗಿನ ಗಾಳಿಯದೂ ಪಾಲಿದೆ. ಪಾತ್ರೆಯ ಲೋಹ ಯಾವುದೆಂಬುದು ಆಮೇಲಿನ ಮಾತು.

ಹಾಗೆಂದು ಹಿರಿಯರ ಮಾತು ಪೂರ್ತಿ ಸುಳ್ಳಲ್ಲ. ಒಂದು ಘನ ಸೆಂಟಿಮೀಟರ್ ತಾಮ್ರ ಸುಮಾರು 9 ಗ್ರಾಂ ತೂಗಿದರೆ ಅಲ್ಯೂಮಿನಿಯಂ 2.7 ಗ್ರಾಂ. ತೆಳು ತಗಡಿನ ಹಗುರ ಡಗ್ಗಾ ಪೆಟ್ಟಿಗೆ ತಾನೂ ನಡುಗಿ ‘ಠಣ್’ ಎನ್ನುತ್ತದೆ, ಸಿಂಬಿಯ ಮೇಲೆ ಸರಿದಾಡುತ್ತದೆ. ಇದು ತೆಳುತನದ ದೋಷ. ದಪ್ಪಗೆ ಎರಕ ಹೊಯ್ದರೆ ಬಹುಪಾಲು ಅಡಗುತ್ತದೆ. ಕೊಳ್ಳುವ ಮುಂಚೆ ಒಬ್ಬರು ಬಾರಿಸಲಿ, ನೀವು ಎರಡೂ ಅಂಗೈಯಿಂದ ಹೊಟ್ಟೆಯನ್ನು ಒತ್ತಿ ಹಿಡಿಯಿರಿ. ಠಣತ್ಕಾರ ನಿಂತರೆ ಅದು ಪಾತ್ರೆಯದು. ಉಳಿದ ಗುಂಕಾರ ಚರ್ಮದ್ದು.

ಶಾಯಿ ಬರೀ ಅಂದಕ್ಕೆ ಎನ್ನುವವರೂ ಇದ್ದಾರೆ. ಕಬ್ಬಿಣದ ಪುಡಿಯನ್ನು ಗಂಜಿಯಲ್ಲಿ ಕಲಸಿ, ಪದರದ ಮೇಲೆ ಪದರ ಹಚ್ಚಿ, ಪ್ರತಿ ಪದರವನ್ನೂ ಕಲ್ಲಿನಿಂದ ತಿಕ್ಕಿ ಮಾಡುವ ಕೆಲಸವದು. ಬರಿಯ ಚರ್ಮದ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಮೃದಂಗ, ತಬಲಾಗಳಲ್ಲಿ ನಡುವಿನ ಈ ಭಾರವೇ ಅವನ್ನು ಶ್ರುತಿಗೆ ತರುತ್ತದೆಂದು ಸಿ. ವಿ. ರಾಮನ್ 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲೂ, 1934ರಲ್ಲಿ ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಪತ್ರಿಕೆಯಲ್ಲೂ ಬರೆದರು. ಡಗ್ಗಾದಲ್ಲಿ ಶಾಯಿ ಒಂದು ಬದಿಗೆ ಸರಿದಿರುತ್ತದೆ. ಖಾಲಿ ಉಳಿದ ಚರ್ಮದ ಮೇಲೆ ವಾದಕ ಮಣಿಕಟ್ಟೂರಿ ಒತ್ತುತ್ತ ಜಾರಿಸುತ್ತಾನೆ. ಬಿಗಿ ಹೆಚ್ಚಿ ಸ್ವರ ಏರುತ್ತದೆ. ಕೇಳುವವರ ಎದೆ ತಟ್ಟುವ ಗುಮಕಿ ಹುಟ್ಟುವುದು ಅಲ್ಲಿ.

ಮಳೆಗಾಲದಲ್ಲಿ ಲೋಹ ತಣ್ಣಗಾಗಿ ಧ್ವನಿ ಬೀಳುತ್ತದೆಂಬುದೂ ತಪ್ಪು. ತೇವ ಹೀರಿ ಚರ್ಮ ಸಡಿಲಾಗುತ್ತದೆ, ಅಷ್ಟೆ.

‘ಬೋಗುಣಿ’ಯ ಅಂಜಿಕೆ ನಮ್ಮದಷ್ಟೇ ಅಲ್ಲ. 1930ರ ದಶಕದಲ್ಲಿ ಅಮೆರಿಕದಲ್ಲಿ ಆಳೆತ್ತರದ ಡಬಲ್ ಬೇಸ್ ಪಿಟೀಲುಗಳನ್ನು ಅಲ್ಯೂಮಿನಿಯಂನಿಂದ ಮಾಡಿದರು. ನೋಡಿದವರಿಗೆ ಕಟ್ಟಿಗೆ ಎನಿಸಲೆಂದು ಮೈಗೆ ಮರದ ಎಳೆಗಳ ಬಣ್ಣ ಬಳಿದರು. ಅಲ್ಲಿ ತಂತಿಯ ನಡುಕವನ್ನು ಹೊರಗೆ ಹರಡುವುದು ಆ ಲೋಹದ ಮೈಯೇ, ಆದ್ದರಿಂದ ಲೋಹದ ಗುಣ ಡಗ್ಗಾಕ್ಕಿಂತ ಹೆಚ್ಚು ಕೇಳಿಸುತ್ತದೆ. ಆದರೂ ಅವುಗಳಲ್ಲಿ ಕೆಲವು ಇಂದಿಗೂ ನುಡಿಯುತ್ತಿವೆ. ಕಟ್ಟಿಗೆಯಂತೆ ಒಣಹವೆಗೆ ಸೀಳುವುದಿಲ್ಲ.

ಕೈಯಲ್ಲಿ ದುಡ್ಡು ಕಡಿಮೆಯಿದ್ದರೆ ದಪ್ಪ ಅಲ್ಯೂಮಿನಿಯಂ ಡಗ್ಗಾ ಕೊಳ್ಳಿ. ಉಳಿದ ಹಣದಲ್ಲಿ ಕಸುಬು ಬಲ್ಲವರಿಂದ ಒಳ್ಳೆಯ ಚರ್ಮ ಹಾಕಿಸಿ, ಈ ಶ್ರಾವಣಕ್ಕೇ ಭಜನೆಯಲ್ಲಿ ಕೂಡಿರಿ.