ಸೆರಗಿನ ನಕ್ಷೆ ಕೆಡುವುದೆಲ್ಲಿ?

ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಮಗ್ಗದ ಸದ್ದೇ ದಿನದ ಸದ್ದು. ಮಗ್ಗದ ಮೇಲೆ ಕೂತ ಜಕಾರ್ಡ್ ಯಂತ್ರಕ್ಕೆ ಸೀರೆಯ ನಕ್ಷೆ ತಿಳಿಯುವುದು ತೂತು ಹೊಡೆದ ರಟ್ಟುಗಳಿಂದ. ತೂತಿದ್ದಲ್ಲಿ ಸೂಜಿ ಒಳಹೋಗುತ್ತದೆ, ಕೊಕ್ಕೆ ಹಾಸಿನ ಎಳೆಯನ್ನು ಮೇಲೆತ್ತುತ್ತದೆ. ತೂತಿಲ್ಲದಿದ್ದರೆ ಎಳೆ ಕೆಳಗೇ ಉಳಿಯುತ್ತದೆ. ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮರಿ ಜಕಾರ್ಡ್ 1804ರಲ್ಲಿ ರೂಪಿಸಿದ ಈ ಯಂತ್ರದ ರಟ್ಟಿನ ಸರವೂ ಒಂದು ಫೈಲೇ. ಒಂದೂರಲ್ಲಿ ಹೊಡೆದ ರಟ್ಟನ್ನು ಇನ್ನೊಂದೂರಿನ ಅಂಥದೇ ಮಗ್ಗಕ್ಕೆ ಕಟ್ಟಿದರೂ ಅದೇ ಹೂವು ಅರಳುತ್ತದೆ.

ಎಲೆಕ್ಟ್ರಾನಿಕ್ ಜಕಾರ್ಡ್‌ಗೆ ರಟ್ಟು ಬೇಡ, ಕಂಪ್ಯೂಟರಿನ ಚಿತ್ರ ಸಾಕು. ಆ ಚಿತ್ರದಲ್ಲಿ ಬಣ್ಣಗಳು ಬೆರಳೆಣಿಕೆಯಷ್ಟೇ. ಒಂದೊಂದು ಬಣ್ಣಕ್ಕೂ ಒಂದೊಂದು ನೇಯ್ಗೆ, ಅಡ್ಡಸಾಲಿನ ಒಂದೊಂದು ಚುಕ್ಕೆಗೂ ಒಂದೊಂದು ಕೊಕ್ಕೆ. ಇಷ್ಟು ಬಿಗಿಯಾದ ಲೆಕ್ಕವನ್ನು ಅವಸರದಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ನಕ್ಷೆ ದಾರಿಯಲ್ಲೇ ಕೆಡುತ್ತದೆ.

ಕೆಡಿಸುವುದು ಜೆಪೆಗ್ ಎಂಬ ಹಿಂಡುವ ವಿಧಾನ. ಅದರ ಬೇರು ನಮ್ಮ ನಾಡಿನವರೊಬ್ಬರ ಗಣಿತದಲ್ಲಿದೆ. ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿಯೇ ಎಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದ ನಾಸಿರ್ ಅಹ್ಮದ್, ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಜೊತೆ 1974ರಲ್ಲಿ ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’ ಪ್ರಕಟಿಸಿದರು. ಜಗತ್ತಿನ ಕೋಟ್ಯಂತರ ಫೋನುಗಳಲ್ಲಿ ದಿನವೂ ನಡೆಯುವ ಈ ಲೆಕ್ಕವನ್ನು ಕೊಟ್ಟವರ ಹೆಸರು ನಮ್ಮ ಮಕ್ಕಳಿಗೆ ಗೊತ್ತಿರಬೇಕಿತ್ತು. ಜೆಪೆಗ್ ಚಿತ್ರವನ್ನು 8 ಚುಕ್ಕೆ ಉದ್ದ, 8 ಚುಕ್ಕೆ ಅಗಲದ ತುಂಡುಗಳಾಗಿ ಕತ್ತರಿಸುತ್ತದೆ. ತುಂಡಿನ 64 ಚುಕ್ಕೆಗಳನ್ನು ನಿಧಾನವಾಗಿ ಬದಲಾಗುವ ಅಲೆಗಳು, ಬೇಗ ಬೇಗ ಬದಲಾಗುವ ಅಲೆಗಳು ಎಂದು 64 ಸಂಖ್ಯೆಗಳಾಗಿ ಬಿಡಿಸುತ್ತದೆ. ಬೇಗ ಬೇಗ ಬದಲಾಗುವ ಸಣ್ಣ ಅಲೆಗಳು ಕಣ್ಣಿಗೆ ಅಷ್ಟಾಗಿ ಕಾಣವು. ಅವುಗಳಲ್ಲಿ ಬಹಳಷ್ಟನ್ನು ಸೊನ್ನೆ ಮಾಡಿ ಕೈಬಿಡುತ್ತದೆ. ಮುಧೋಳದ ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡಿದಂತೆ ಇದು: ಬೆಲ್ಲಕ್ಕೆ ನೀರು ಬೆರೆಸಿದರೆ ಪಾನಕವಾದೀತು, ಕಬ್ಬಿನ ಹಾಲು ಮರಳಿ ಬಾರದು.

ಹೂವಿನ ಅಂಚಿನಂಥ ಚೂಪು ಗೆರೆ ಉಳಿಯುವುದೇ ಆ ಸಣ್ಣ ಅಲೆಗಳಿಂದ. ಅವು ಹೋದರೆ ಕೆಂಪು-ಹಳದಿಯ ನಡುವೆ ಎಲ್ಲೂ ಇರದ ನೂರಾರು ಛಾಯೆಗಳು ಹುಟ್ಟುತ್ತವೆ. ಯಾವ ಛಾಯೆಗೆ ಯಾವ ನೇಯ್ಗೆ ಎಂದು ತಂತ್ರಾಂಶಕ್ಕೆ ತಿಳಿಯದು. ಜೊತೆಗೆ ವಾಟ್ಸ್‌ಆ್ಯಪ್ ದೊಡ್ಡ ಚಿತ್ರದ ಅಳತೆಯನ್ನೂ ಕುಗ್ಗಿಸುತ್ತದೆ, ಕೊಕ್ಕೆಗಳ ಲೆಕ್ಕವೇ ತಪ್ಪುತ್ತದೆ. ಮಾರಲು ತೆಗೆದ ಸೀರೆಯ ಫೋಟೊ ಹೀಗೆ ಹಿಂಡಿಹೋದರೂ ತೊಂದರೆಯಿಲ್ಲ. ವಾಟ್ಸ್‌ಆ್ಯಪ್ ಬಿಸಿನೆಸ್‌ನ ಉಚಿತ ಕ್ಯಾಟಲಾಗಿನಲ್ಲಿ ಅದನ್ನು ನೋಡುವ ಜಮಖಂಡಿಯ ಗ್ರಾಹಕರ ಕಣ್ಣು ಅಷ್ಟನ್ನು ತಾನೇ ತುಂಬಿಕೊಳ್ಳುತ್ತದೆ. ಮಗ್ಗಕ್ಕೆ ಅಂಥ ಕಣ್ಣಿಲ್ಲ.

ಹಾಗಾಗಿ ನಕ್ಷೆಯನ್ನು ಬಿಎಂಪಿ ಅಥವಾ ಪಿಎನ್‌ಜಿ ಆಗಿ ಉಳಿಸಿ, ‘ಡಾಕ್ಯುಮೆಂಟ್’ ಎಂದು ಕಳಿಸಬೇಕು. ಪಿಎನ್‌ಜಿಯೂ ಹಿಂಡುತ್ತದೆ, ಆದರೆ ಮರುಕಳಿಸುವುದನ್ನು ಚಿಕ್ಕದಾಗಿ ಬರೆದಿಟ್ಟುಕೊಳ್ಳುತ್ತದೆಯೇ ಹೊರತು ಏನನ್ನೂ ಬಿಸಾಡುವುದಿಲ್ಲ. ಡಾಕ್ಯುಮೆಂಟ್ 2 ಜಿಬಿವರೆಗೆ ಹಾಗೆಯೇ ತಲುಪುತ್ತದೆ. ಗೂಗಲ್ ಡ್ರೈವ್‌ನ ಉಚಿತ 15 ಜಿಬಿಯಲ್ಲಿ ಇಟ್ಟು ಲಿಂಕ್ ಕೊಡಬಹುದು, ಆ ಜಾಗವನ್ನು ಜಿಮೇಲೂ ಫೋಟೊಗಳೂ ಹಂಚಿಕೊಳ್ಳುತ್ತವೆ. ಲಿಂಕ್ ಕೊಡುವಾಗ ‘ಲಿಂಕ್ ಇರುವ ಯಾರಾದರೂ’ ಎಂಬುದನ್ನು ಬಿಟ್ಟು, ನಕ್ಷೆ ಬೇಕಾದವರ ಇಮೇಲ್ ವಿಳಾಸವನ್ನಷ್ಟೇ ಸೇರಿಸಿ. ಹೊಸ ಸೆರಗಿನ ನಕ್ಷೆ ನೇಕಾರನ ಬಂಡವಾಳ. ಒಮ್ಮೆ ಇಳಿಸಿಕೊಂಡ ಪ್ರತಿಯನ್ನು ಡ್ರೈವ್ ಮರಳಿ ತರಲಾರದು.