ಸಸ್ಯದ್ರವ್ಯಗಳೂ ಬ್ಯಾಕ್ಟೀರಿಯಗಳ ಸಂಜ್ಞಾವ್ಯವಹಾರವೂ

ಸಖರಾಯಪಟ್ಟಣದ ಸಮೀಪದ ಅಯ್ಯನಕೆರೆಯಲ್ಲಿ ನೀರಿಗೆ ಇಳಿಯುವವರು ಕಲ್ಲಿನ ಮೇಲೆ ಎಚ್ಚರಿಕೆಯಿಂದ ಕಾಲಿಡಬೇಕಾಗುತ್ತದೆ. ಬಹುಕಾಲ ನೀರಿನಲ್ಲಿ ಮುಳುಗಿದ ಕಲ್ಲು ಜಾರುವುದು ಸರ್ವವಿದಿತ. ಇದಕ್ಕೆ ಪಾಚಿಯೊಂದೇ ಕಾರಣವಲ್ಲ; ಅದರೊಡನೆ ಅಸಂಖ್ಯಾತ ಬ್ಯಾಕ್ಟೀರಿಯಗಳೂ ತಾವೇ ಸ್ರವಿಸಿದ ಲೋಳೆಯಲ್ಲಿ ಹುದುಗಿ ಕಲ್ಲಿಗೆ ಅಂಟಿಕೊಂಡಿರುತ್ತವೆ. ಇಂತಹ ಪದರಕ್ಕೆ ಜೈವಿಕ ಪೊರೆಯೆಂದು ಹೆಸರು. ಹಲ್ಲಿನ ಮೇಲೆ ಕಟ್ಟುವ ಪಾಚಿಯೂ ಇದೇ ವರ್ಗಕ್ಕೆ ಸೇರಿದುದು. ಮಾಯದ ಗಾಯದ ಮೇಲೆ, ಅಥವಾ ಮೂತ್ರಕೋಶಕ್ಕೆ ತೂರಿಸಿದ ನಳಿಕೆಯೊಳಗೆ ಈ ಪೊರೆ ಬೆಳೆದಾಗ ಚಿಕಿತ್ಸೆ ಕಠಿಣವಾಗುತ್ತದೆ. ಬಿಡಿಯಾಗಿ ತೇಲುವ ಬ್ಯಾಕ್ಟೀರಿಯಗಳನ್ನು ಕೊಲ್ಲುವುದಕ್ಕೆ ಸಾಕಾಗುವ ಪ್ರತಿಜೀವಕದ ನೂರಾರು ಪಟ್ಟನ್ನು ಪೊರೆಯೊಳಗಿನವು ತಾಳಿಕೊಳ್ಳುವುದುಂಟು.

ಪೊರೆ ಕಟ್ಟುವುದು ಒಂದೆರಡು ಬ್ಯಾಕ್ಟೀರಿಯಗಳಿಂದ ಆಗುವ ಕಾರ್ಯವಲ್ಲ. ತಮ್ಮ ಸಂಖ್ಯೆ ಸಾಕಷ್ಟಾಯಿತೆಂಬುದನ್ನು ಅವು ಅರಿಯುವುದು ಹೇಗೆ? ಅನೇಕ ಜಾತಿಗಳಲ್ಲಿ ಪ್ರತಿಯೊಂದು ಕೋಶವೂ ಒಂದು ಸಂಜ್ಞಾದ್ರವ್ಯವನ್ನು ಅಲ್ಪ ಪ್ರಮಾಣದಲ್ಲಿ ಹೊರಸೂಸುತ್ತಿರುತ್ತದೆ. ಕೋಶಗಳು ವಿರಳವಾಗಿರುವಾಗ ಅದು ಚದುರಿಹೋಗುತ್ತದೆ. ಗುಂಪು ದಟ್ಟವಾದಂತೆ ಅದರ ಸಾಂದ್ರತೆ ಏರುತ್ತದೆ. ಒಂದು ಮಿತಿಯನ್ನು ದಾಟಿದೊಡನೆ ಅದು ಕೋಶದ ಗ್ರಾಹಕ ಪ್ರೋಟೀನನ್ನು ಕೂಡಿಕೊಂಡು, ಅದುವರೆಗೆ ಸುಮ್ಮನಿದ್ದ ಜೀನುಗಳನ್ನು ಕಾರ್ಯಪ್ರವೃತ್ತಗೊಳಿಸುತ್ತದೆ. ಕೋರಂ ತುಂಬದ ಹೊರತು ಪಂಚಾಯಿತಿಯ ಸಭೆ ನಿರ್ಣಯ ಕೈಗೊಳ್ಳಲಾರದಷ್ಟೆ; ಇಲ್ಲಿಯೂ ಹಾಗೆಯೇ. ಸಮುದ್ರದ ಬೆಳಕು ಬೀರುವ ಬ್ಯಾಕ್ಟೀರಿಯಗಳಲ್ಲಿ ಇಂತಹ ವ್ಯವಸ್ಥೆ ಇರುವುದನ್ನು 1970ರಲ್ಲಿ ನೀಲ್ಸನ್, ಪ್ಲಾಟ್ ಮತ್ತು ಹೇಸ್ಟಿಂಗ್ಸ್ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟರು. 1994ರಲ್ಲಿ ಇದಕ್ಕೆ ‘ಕೋರಂ ಸಂವೇದನೆ’ ಎಂಬ ಅರ್ಥದ ಹೆಸರು ಬಂದಿತು.

ಬ್ಯಾಕ್ಟೀರಿಯಗಳನ್ನು ಕೊಲ್ಲದೆ ಅವುಗಳ ಈ ವ್ಯವಹಾರವನ್ನು ಮಾತ್ರ ಕೆಡಿಸಲು ಸಾಧ್ಯವೆ? ಸಾಧ್ಯವೆಂಬುದಕ್ಕೆ ಸಸ್ಯಗಳಲ್ಲಿಯೇ ನಿದರ್ಶನವಿದೆ. ನಮ್ಮ ನಾಡಿನಲ್ಲಿ ನಡೆದ ಒಂದು ಸಂಶೋಧನೆಯನ್ನು ಇಲ್ಲಿ ವಿವರಿಸುತ್ತೇವೆ.

ಕ್ರೋಮೊಬ್ಯಾಕ್ಟೀರಿಯಮ್ ವಯೊಲೇಸಿಯಮ್ ಎಂಬ ಬ್ಯಾಕ್ಟೀರಿಯ ಗುಂಪು ಕೂಡಿದ ಮೇಲೆ ನೇರಳೆ ಬಣ್ಣವನ್ನು ಉತ್ಪಾದಿಸುತ್ತದೆ. ಸಸ್ಯದ ಸಾರವನ್ನು ಬೆರೆಸಿದಾಗ ಬೆಳವಣಿಗೆ ಕುಂದದೆ ಬಣ್ಣ ಮಾತ್ರ ಕುಂದಿದರೆ, ಸಂಜ್ಞಾವ್ಯವಹಾರಕ್ಕೆ ಭಂಗ ಬಂದಿರಬಹುದೆಂದು ತಿಳಿಯಬೇಕು. ಮಂಗಳೂರಿನ ಯೆನೆಪೋಯ ವಿಶ್ವವಿದ್ಯಾಲಯದ ಸಂಶೋಧಕರು ಸೀಬೆಯ, ಎಂದರೆ ಕರಾವಳಿಯವರ ಪೇರಳೆಯ, ಎಲೆಯಿಂದ ಫ್ಲೇವನಾಯ್ಡುಗಳನ್ನು ಬೇರ್ಪಡಿಸಿ ಪರೀಕ್ಷಿಸಿದರು. 2014ರಲ್ಲಿ ಫಲಿತಾಂಶ ಪ್ರಕಟವಾಯಿತು. ನೇರಳೆ ಬಣ್ಣ ಪ್ರಮಾಣಾನುಸಾರ ಇಳಿಯಿತು. ಗಾಯಗಳಿಗೆ ಸೋಂಕುವ ಸ್ಯೂಡೊಮೊನಾಸ್ ಎರುಜಿನೋಸದಲ್ಲಿ ಜೈವಿಕ ಪೊರೆಯ ರಚನೆಯೂ ಕುಂಠಿತವಾಯಿತು. ಎಲೆಯಲ್ಲಿ ಕಂಡುಬಂದ ಕ್ವರ್ಸೆಟಿನ್ ಒಂದು ಮಿಲಿಲೀಟರಿಗೆ 50 ಮೈಕ್ರೋಗ್ರಾಂ ಪ್ರಮಾಣದಲ್ಲಿಯೇ ಬಣ್ಣವನ್ನು ತಡೆಯಿತು. ಇನ್ನೂ ಗಮನಾರ್ಹವಾದ ಸಂಗತಿಯೆಂದರೆ, ಬ್ಯಾಕ್ಟೀರಿಯಗಳು ಸಂಜ್ಞಾದ್ರವ್ಯದ ತಯಾರಿಕೆಯನ್ನು ನಿಲ್ಲಿಸಿರಲಿಲ್ಲ. ಆದುದರಿಂದ ಅಡ್ಡಿಯುಂಟಾದುದು ಸಂಜ್ಞೆಯನ್ನು ಕಳುಹಿಸುವುದರಲ್ಲಿ ಅಲ್ಲ, ಅದನ್ನು ಗ್ರಹಿಸಿ ನಡೆಯುವುದರಲ್ಲಿ ಎಂದು ಊಹಿಸಬಹುದು. ಇದೇ ಸಂಸ್ಥೆಯವರು ನೇರಳೆ ಮರ ಮತ್ತು ಒಂದೆಲಗಗಳಲ್ಲಿಯೂ ಇಂತಹ ಗುಣವನ್ನು ಕಂಡಿದ್ದಾರೆ.

ಇದರ ಪ್ರಯೋಜನವೇನು? ಪ್ರತಿಜೀವಕವು ದುರ್ಬಲವಾದವನ್ನು ಕೊಂದು, ನಿರೋಧವುಳ್ಳವು ಮಾತ್ರ ಉಳಿದು ಬೆಳೆಯಲು ಎಡೆಗೊಡುತ್ತದೆ. ಕೊಲ್ಲದೆ ನಿಷ್ಕ್ರಿಯಗೊಳಿಸುವ ದ್ರವ್ಯದಿಂದ ಆ ಒತ್ತಡ ಕಡಿಮೆಯಾದೀತೆಂಬುದು ನಿರೀಕ್ಷೆ. ಪೊರೆ ಸಡಿಲವಾದರೆ ಇರುವ ಪ್ರತಿಜೀವಕಗಳೇ ಹೆಚ್ಚು ಫಲಕಾರಿಯಾಗಬಹುದು. ಆದರೆ ನಿರೀಕ್ಷೆಗೆ ಮಿತಿಯಿದೆ. ಇಂತಹ ಒಂದು ಕೃತಕ ದ್ರವ್ಯವನ್ನು ಕೋಶದಿಂದ ಹೊರದಬ್ಬಿ ಅದಕ್ಕೂ ನಿರೋಧ ತೋರುವ ಬ್ಯಾಕ್ಟೀರಿಯಗಳು 2012ರಲ್ಲಿ ವರದಿಯಾದವು. ಅಲ್ಲದೆ ಗಾಜಿನ ತಟ್ಟೆಯಲ್ಲಿ ಸಿದ್ಧಿಸಿದುದು ದೇಹದಲ್ಲಿಯೂ ಸಿದ್ಧಿಸಬೇಕೆಂದಿಲ್ಲ. ಸೇವಿಸಿದ ಕ್ವರ್ಸೆಟಿನ್ ಕರುಳು ಮತ್ತು ಯಕೃತ್ತಿನಲ್ಲಿ ಬೇಗನೆ ರೂಪಾಂತರ ಹೊಂದುತ್ತದೆ. ಸೀಬೆಯೆಲೆಯ ಕಷಾಯವನ್ನು ನಂಬಿ ವೈದ್ಯರು ಕೊಟ್ಟ ಔಷಧಿಯನ್ನು ಬಿಡುವುದು ಅಪಾಯಕರವೆಂದು ಸ್ಪಷ್ಟವಾಗಿ ಹೇಳಬಯಸುತ್ತೇವೆ.

ಹಿತ್ತಲಿನ ಸೀಬೆ, ಕಾಲುವೆಯ ತೇವದಲ್ಲಿ ಹಬ್ಬುವ ಒಂದೆಲಗ, ಇವು ಕಡೂರು ಸೀಮೆಯವರಿಗೆ ಅಪರೂಪದ ಗಿಡಗಳಲ್ಲ. ಅವುಗಳ ಗುಣವನ್ನು ಬಾಯಿಮಾತಿನಿಂದ ಹೊಗಳುವುದಕ್ಕಿಂತ, ಯಾವ ದ್ರವ್ಯ, ಎಷ್ಟು ಪ್ರಮಾಣದಲ್ಲಿ, ಯಾವ ಬ್ಯಾಕ್ಟೀರಿಯದ ಮೇಲೆ, ಯಾವ ರೀತಿಯಲ್ಲಿ ವರ್ತಿಸುವುದೆಂದು ಅಳೆದು ನೋಡುವುದೇ ನಮ್ಮ ಮುಂದಿರುವ ಕಾರ್ಯ.