ರಸ್ತೆ ಮೇಲೆ ದನ ಸಿಕ್ಕರೆ ಬೈಕ್ ಹೇಗೆ ದಾಟಿಸೋದು?

ದಾವಣಗೆರೆಯಲ್ಲಿ ಕೆಲಸ ಮುಗಿಸಿ ಸಂಜೆ ಹಳೇ ಪಿ.ಬಿ. ರಸ್ತೆಯಲ್ಲಿ ಹರಿಹರದ ಕಡೆ ಬರುವಾಗ ಮುಳುಗೋ ಸೂರ್ಯ ಎದುರಿಗೇ ಇರ್ತಾನೆ. ದನಗಳೂ ಮನೆಗೆ ಹೊರಡೋ ಹೊತ್ತು ಅದೇ. ಹೋದ ಮಳೆಗಾಲದಲ್ಲಿ ನಾನೂ ಬಿದ್ದೆ. ಆಕಳು ದಾಟಿತಲ್ಲ ಅಂತ ಗೇರ್ ಏರಿಸಿದೆ. ಹಿಂದೆಯೇ ಕರು ಓಡಿ ಬಂತು. ಎರಡು ತಿಂಗಳು ಮೊಣಕಾಲು ಮಡಚಿ ಕಳೆ ಕೀಳೋಕಾಗಲಿಲ್ಲ.

ಒಂದು ದಾಟಿದರೆ ಉಳಿದವೂ ಹಿಂಬಾಲಿಸುತ್ತವೆ. ಮೊದಲನೇದು ಕಂಡ ಕೂಡಲೇ ಸ್ಪೀಡ್ ಇಳಿಸಿ, ಎರಡನೇದು ಎಲ್ಲಿದೆ ನೋಡಿ. ಗುಂಪಿದ್ದರೆ ಪೂರ್ತಿ ದಾಟಲಿ. ಒಂಟಿ ದನವಾದರೆ ಮುಂದಿನಿಂದ ನುಗ್ಗಬೇಡಿ, ಬಾಲದ ಕಡೆಯಿಂದ ಹೋಗಿ. ಆದರೆ ದನಕ್ಕೆ ನೇರ ಬೆನ್ನ ಹಿಂದೆ ಕಾಣಲ್ಲ, ಹಾಗಾಗಿ ಜಾಗ ಬಿಟ್ಟು ನಿಧಾನಕ್ಕೆ. ಹಾರ್ನ್ ಒತ್ತಿ ಹಿಡಿದರೆ ಬೆದರಿ ಯಾವ ಕಡೆ ನೆಗೆಯುತ್ತೋ ಹೇಳೋಕಾಗಲ್ಲ. ಕೊರಳ ಹಗ್ಗ ನೆಲದ ಮೇಲೆ ಎಳಕೊಂಡು ಹೋಗ್ತಿದ್ರೆ ನಿಂತೇ ಬಿಡಿ. ಚಕ್ರಕ್ಕೆ ಸುತ್ತಿಕೊಂಡರೆ ನೀವೂ ಬೀಳ್ತೀರಿ, ಅದೂ ಬೀಳುತ್ತೆ.

ರಾತ್ರಿ ಎಮ್ಮೆ ಟಾರಿನ ಬಣ್ಣದಲ್ಲೇ ಕರಗಿಹೋಗುತ್ತೆ. ಮಳೆಗಾಲದಲ್ಲಿ ಕೆಸರು ಬಿಟ್ಟು ರಸ್ತೆ ಮೇಲೇ ಮಲಗೋ ದನಗಳೂ ಇವೆ. ಎದುರಿನ ಲೈಟ್ ಕಣ್ಣಿಗೆ ಹೊಡೆದಾಗ ಆಕ್ಸಿಲರೇಟರ್ ಬಿಡಿ.

ಇನ್ನು ನಮ್ಮನೆ ದನದ ಮಾತು. ಹಾಲು ಬತ್ತಿದ್ದನ್ನ ರಸ್ತೆಗೆ ಬಿಡೋರು ನಮ್ಮಲ್ಲೇ ಇದ್ದಾರೆ, ಹೇಳೋಕೆ ಬೇಜಾರು. ಕೊಂಬಿಗೆ, ಕೊರಳಪಟ್ಟಿಗೆ ರೇಡಿಯಂ ಟೇಪ್ ಸುತ್ತಿ. ಕಿವಿಯ 12 ಅಂಕಿಯ ಟ್ಯಾಗ್ ಫೋಟೋ ಮೊಬೈಲಲ್ಲಿರಲಿ. ದನಕ್ಕೆ ಗಾಯವಾದರೆ 1962, ಮನುಷ್ಯರಿಗೆ 108 ಅಥವಾ 112, ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033ಕ್ಕೂ ಕರೆ ಮಾಡಿ.